ಸಾರಿಸಿದ ನೆಲದ ಮೇಲಿನ ರಾಣಿ

ಒಂದೇ ಒಂದು ಬಟನ್ ಒತ್ತಿದೆ, ಅಷ್ಟೇ. ಶಿಗ್ಗಾಂವಿಯ ದಾರಿ, ಹಾನಗಲ್ಲಿನ ಆನೆಕೆರೆ, ಸವಣೂರಿನ ದಪ್ಪ ಮರ... ಎಲ್ಲ ಮಾಯ!

ಗಾಬರಿಯಲ್ಲಿ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ದೇವರನ್ನು ನೆನೆದು ತೆರೆದರೆ ಅದೇ ಬೋಳು ಬಯಲು.

ಇದೇನೆಂದು ಮೊದಲು ಹೇಳಿಬಿಡುತ್ತೇನೆ. ನನ್ನ ಅಕ್ಕ ಶಾಂತಾಳ ಮಗಳು ದೀಪಾ ಗೆಳತಿಯರ ಜೊತೆ ಒಂದು ಆಟ ಆಡುತ್ತಾಳೆ. ಒಬ್ಬರು ಕಥೆ ಹೇಳುತ್ತ ಹೋಗುವುದು, ಉಳಿದವರು ರಾಣಿಯೋ ಕಳ್ಳನೋ ಆಗಿ ಅದರೊಳಗೆ ನಡೆಯುವುದು, ದಾಳ ಬಿದ್ದಂತೆ ಹಣೆಬರಹ. ಅದಕ್ಕೆ ಬೇಕಾದ ನಕಾಶೆ ಬರೆಯಲು ಒಂದು ಸಾಫ್ಟ್‌ವೇರ್ ಇದೆ.

ಅದನ್ನು ಮೊದಲು ನೋಡಿದ ದಿನ ಬಾಯಿ ಬಿಟ್ಟುಕೊಂಡು ಕೂತಿದ್ದೆ. ಯಾಕೆಂದರೆ ಎಪ್ಪತ್ತರ ದಶಕದ ಕೊನೆಯಲ್ಲಿ ನಾನೂ ಅಕ್ಕನೂ ಆಡುತ್ತಿದ್ದದ್ದು ಇದೇ ಆಟ, ಹಾನಗಲ್ಲಿನ ನಮ್ಮ ಪಡಸಾಲೆಯ ನೆಲದ ಮೇಲೆ!

ಅಪ್ಪ ಬಟ್ಟೆಯ ಗಂಟು ಹೊತ್ತು ಸಂತೆಯಿಂದ ಸಂತೆಗೆ ತಿರುಗುತ್ತಿದ್ದ. ಸವಣೂರಿನಲ್ಲಿ ಒಂದು ಮರದ ಬುಡ ನಮ್ಮ ಮನೆಗಿಂತ ದಪ್ಪ ಎಂದು ಅವನು ಹೇಳಿದರೆ, ನಾವು ಮನೆಗಿಂತ ದಪ್ಪ ಮರ ಬರೆದೇ ಬಿಡುವುದು. ನಾವೇನು ಹಾನಗಲ್ ಬಿಟ್ಟು ಹೊರಗೆ ಕಾಲಿಟ್ಟವರೇ?

ಚಾಕ್‌ಪೀಸಿನಲ್ಲಿ ದಾರಿ, ಕೆರೆ, ಕಾಡು. ಊರಿಗೊಂದು ಬಳೆಚೂರು. ಹುಣಸೆಬೀಜ ಅಕ್ಕನ ರಾಣಿ, ಗುಲಗಂಜಿ ನನ್ನ ಕಳ್ಳ.

ಕವಡೆ ಎಸೆದು ಅಕ್ಕ ಕೇಳುತ್ತಿದ್ದಳು. "ಈಗ ನೀ ಆ ಮರದ ಪೊಟರ್‍ಯಾಗ ಅದೀ. ಹೊರಗ ಹುಲಿ ಕುಂತೈತಿ. ಏನ್ ಮಾಡ್ತೀ ಹೇಳ?"

ನಾನು ಗುಲಗಂಜಿಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದೆ.

ಕಷ್ಟ ಬರುತ್ತಿದ್ದದ್ದು ಸೋಮವಾರ. ಅವತ್ತು ಅವ್ವ ಪಡಸಾಲೆಯನ್ನೆಲ್ಲ ಸಗಣಿಯಿಂದ ಸಾರಿಸುತ್ತಿದ್ದಳು. ನಮ್ಮ ರಾಜ್ಯಕ್ಕೋಸ್ಕರ ನೆಲ ಸಾರಿಸುವುದನ್ನು ಬಿಡು ಎಂದು ಹೇಳುವ ಧೈರ್ಯ ಯಾರಿಗಿತ್ತು...

ಆದರೆ ಸಂಜೆ ಶಾಲೆ ಬಿಟ್ಟು ಬಂದು ನೋಡಿದರೆ, ಚಾಕ್‌ಪೀಸಿನ ಗೆರೆ ಒಂದೂ ಇಲ್ಲ, ಕಾಯಿಗಳು ಮಾತ್ರ ಇದ್ದಲ್ಲೇ ಇವೆ! ಬಳೆಚೂರಿನಿಂದ ಬಳೆಚೂರಿಗೆ ಗೆರೆ ಎಳೆದರೆ ಸಾಕು, ರಾಜ್ಯ ಮತ್ತೆ ತಯಾರು.

ಇಟ್ಟವಳು ನಾನಲ್ಲ. ಅಕ್ಕನೂ ಅಲ್ಲ, ಆಣೆ ಮಾಡಿದಳು. ಅವ್ವನ ಮೇಲೆ ಸಂಶಯ ಬರುವ ಮಾತೇ ಇಲ್ಲ, "ನೆಲಾ ಎಲ್ಲಾ ಹೊಲಸ ಮಾಡಿ ಇಟ್ಟಾವು" ಎಂದು ದಿನಾ ಬೈಯುವವಳು ಅವಳು.

ಹುಣಸೆಬೀಜದ ತಳಕ್ಕೆ ಒಣಗಿದ ಸಗಣಿ ಅಂಟಿರುತ್ತಿತ್ತು. ರಾಣಿ ಕೆಸರು ತುಳಿದು ಬಂದಿದ್ದಾಳೆ ಎಂದಳು ಅಕ್ಕ. ಕೊನೆಗೆ ಅವಳೇ ತೀರ್ಮಾನ ಮಾಡಿದಳು, ನೆಲದೊಳಗೆ ಒಬ್ಬ ದೇವಿ ಇದ್ದಾಳೆ, ಇದೆಲ್ಲ ಅವಳದೇ ಕೆಲಸ ಎಂದು.

ಅಂದಿನಿಂದ ಪ್ರತಿ ಸೋಮವಾರ ಶಾಲೆಗೆ ಹೋಗುವ ಮುಂಚೆ ಮೂಲೆಯಲ್ಲೊಂದು ಚೂರು ಬೆಲ್ಲ ಇಟ್ಟು ಕೈಮುಗಿಯುತ್ತಿದ್ದೆವು. ಸಂಜೆಗೆ ಬೆಲ್ಲ ಇರುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ಅಕ್ಕನ ಮದುವೆಯಾಯಿತು, ಹಿರೇಕೆರೂರಿಗೆ ಹೋದಳು. ಅವಳ ರಾಣಿಯೂ ಹಿರೇಕೆರೂರಿನ ಕೋಟೆ ಗೆಲ್ಲಲೆಂದೇ ಹೊರಟಿದ್ದಳು, ಪಾಪ, ಸವಣೂರಿನ ಮರದ ಹತ್ತಿರವೇ ನಿಂತುಬಿಟ್ಟಳು. ಆಮೇಲೆ ಅಕ್ಕ ತವರಿಗೆ ಬಂದಾಗಲೆಲ್ಲ ಕೂಸು, ಕೆಲಸ, ನೆಂಟರು. ಆಟ ಅರ್ಧಕ್ಕೇ ಉಳಿಯಿತು.

ಅದನ್ನು ಮುಗಿಸಲೆಂದೇ ಮೊನ್ನೆ ಭಾನುವಾರ ಅಕ್ಕ ಬರುವವಳಿದ್ದಳು. "ಈ ಸಲ ನನ್ನ ರಾಣೀನ ಊರು ಮುಟ್ಟಸಬೇಕ ನೋಡ" ಎಂದು ಫೋನಿನಲ್ಲಿ ತಾಕೀತು ಮಾಡಿದ್ದಳು.

ಅದಕ್ಕಾಗಿ ದೀಪಾಳ ಆ ಸಾಫ್ಟ್‌ವೇರಿನಲ್ಲಿ ವಾರಗಟ್ಟಲೆ ಕೂತು ನಕಾಶೆ ಬರೆದಿದ್ದೆ. ಎಂಥ ವಿದ್ಯೆ ಅಂತೀರಿ! ಎಳೆದಲ್ಲಿ ಹೊಳೆ ಹರಿಯುತ್ತದೆ, ಒತ್ತಿದಲ್ಲಿ ಕಾಡು ಬೆಳೆಯುತ್ತದೆ. ಆಟ ಶುರುವಾದ ಮೇಲೆ, ರಾಣಿ ಹತ್ತಿರ ಹೋಗುವ ತನಕ ಮುಂದಿನ ಊರು ಮಂಜಿನಲ್ಲಿ ಮುಚ್ಚಿಕೊಂಡಿರುತ್ತದೆ.

ಅಕ್ಕನ ಬಸ್ಸು ಬರುವ ಹೊತ್ತಾಯಿತು. ನಕಾಶೆಯ ಮೇಲೆ ಅಲ್ಲಲ್ಲಿ ನಾನೇ ಗೀಚಿದ ಬೇಡದ ಗೆರೆಗಳು. ಮನೆಗೆ ಬರುವವರಿದ್ದಾರೆ ಎಂದರೆ ನೆಲ ಸ್ವಚ್ಛ ಆಗಲೇಬೇಕು, ಅದು ನಮ್ಮ ಕಡೆಯ ಹೆಣ್ಣುಮಕ್ಕಳ ಚಟ. 'ಕ್ಲಿಯರ್' ಎಂಬ ಬಟನ್ ಇತ್ತು, ಬೇಡದ್ದಷ್ಟೇ ಹೋಗುತ್ತದೆ ಎಂದುಕೊಂಡು ಒತ್ತಿದೆ. ಖಂಡಿತವೇ ಎಂದು ಕೇಳಿತು. ಹೌದಪ್ಪಾ ಹೌದು ಎಂದೆ...

ಅಕ್ಕನಿಗೆ ಏನೆಂದು ಹೇಳಲಿ? ಅಳುವೇ ಬಂತು.

ಅವ್ವ ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ. ಎಂಬತ್ತು ದಾಟಿದ್ದಾಳೆ, ಕಣ್ಣು ಇನ್ನೂ ಚುರುಕು. ಬಗ್ಗಿ ಸ್ಕ್ರೀನ್ ನೋಡಿದಳು.

"ಯಾಕ ಅಳಾಕತ್ತೀ? ಕಾಯಿ ಇದ್ದಲ್ಲೇ ಅದಾವಲ್ಲ. ಮತ್ತ ಗೆರಿ ಹೊಡಿ, ಆತು."

ಹೌದಲ್ಲ! ಅಳಿಸಿದ್ದು ಕೆಳಗಿನ ಚಿತ್ರ ಮಾತ್ರ, ಕಾಯಿಗಳದು ಅದರ ಮೇಲಿನ ಬೇರೆ ಪದರ, ಬೇರೆ ಲೇಯರ್. ನಾಲ್ಕು ಊರಿನ ಗುರುತು, ರಾಣಿ, ಕಳ್ಳ, ಎಲ್ಲ ಆ ಬೋಳು ಬಯಲಿನ ಮೇಲೆ ಹಾಗೇ ನಿಂತಿದ್ದವು... ಸೋಮವಾರ ಸಂಜೆ ಕಾಣುತ್ತಿದ್ದ ಹಾಗೆಯೇ.

ನಿಧಾನಕ್ಕೆ ಅವ್ವನ ಕಡೆ ತಿರುಗಿದೆ. "ಅವ್ವಾ... ಅದು ನೀನಾ?"

"ಮತ್ಯಾರು? ಒಂದೊಂದ ಕಾಯಿ ಎತ್ತೂದು, ಅಷ್ಟ ಸಾರ್ಸೂದು, ತಿರುಗಿ ಅಲ್ಲೇ ಇಡೂದು. ಎಲ್ಲಿ ರಾಣಿ ದಾರಿ ತಪ್ಪತಾಳೋ ಅಂತ ಜೀವಾ ಹೊಡಕೋತಿತ್ತು."

ನೀರು, ಒಲೆ, ದನ, ಬುಟ್ಟಿಗಟ್ಟಲೆ ರೊಟ್ಟಿ... ಅಷ್ಟರ ನಡುವೆ, ಎರಡೂ ಕೈ ಸಗಣಿಯಲ್ಲಿದ್ದಾಗ, ಅವ್ವನೂ ನಮ್ಮ ಆಟದೊಳಗಿದ್ದಳು. ನಮಗೆ ಗೊತ್ತೇ ಇರಲಿಲ್ಲ.

ಅಕ್ಕ ಬಂದಳು, ಅವ್ವನ ಗುಟ್ಟು ಹೇಳಿದೆ, ಮೂವರೂ ಸೇರಿ ಊರಿಂದ ಊರಿಗೆ ದಾರಿ ಎಳೆದು ಕೋಟೆ ಕಟ್ಟಿದೆವು. ಸಂಜೆಯ ಹೊತ್ತಿಗೆ ರಾಣಿ ಹಿರೇಕೆರೂರು ಮುಟ್ಟಿದಳು. ಮಂಜು ಸರಿದು ಕೋಟೆ ಕಂಡಾಗ ಅಕ್ಕ ಅವ್ವನ ಕೈ ಹಿಡಿದುಕೊಂಡು ಅತ್ತೇಬಿಟ್ಟಳು.

ಹೊರಡುವಾಗ ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ನೆನಪಾಯಿತು. ಹಾಗಾದರೆ ನಾವು ಇಡುತ್ತಿದ್ದ ಆ ಬೆಲ್ಲ?

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. "ದೇವಿಗಂತ ಇಟ್ಟಿದ್ರಲ್ಲ... ತಿಂದೆ."

ಬೆಲ್ಲ ಸರಿಯಾದ ದೇವಿಗೇ ಮುಟ್ಟಿದೆ... ನಿಮ್ಮ ಮನೆಯಲ್ಲಿ ಕಾಯಿ ಎತ್ತಿ ಇದ್ದಲ್ಲೇ ಇಟ್ಟವರು ಯಾರು?