ಒಂದೇ ಕೈಯ ಎರಡು ಅರ್ಜಿ

ನನ್ನ ಅಕ್ಷರ ಮುತ್ತಿನಂತೆ ಎಂದು ಊರವರು ಹೇಳುತ್ತಾರೆ. ನಾನೂ ಅಲ್ಲವೆಂದಿಲ್ಲ. ರಾಯಬಾಗ ತಾಲೂಕಿನ ನಮ್ಮ ಸಣ್ಣ ಊರಿನಲ್ಲಿ ಮಾಸ್ತರನಾಗಿ ನಾನು ಕಲಿಸಿದ್ದಕ್ಕಿಂತ ಬರೆದುಕೊಟ್ಟ ಅರ್ಜಿಗಳೇ ಹೆಚ್ಚು. ಆ ಮುತ್ತುಗಳೇ ಒಮ್ಮೆ ನನ್ನ ಮಾನ ಕಳೆದವು.

ಎಲ್ಲರ ಕೈಗೂ ಮೊಬೈಲು ಬರುತ್ತಿದ್ದ ಕಾಲ. ಕಬ್ಬಿನ ಭೂಮಿ ಉಳಿಯಲಿ, ಊರೊಳಗೇ ಮನೆಗಳು ಒತ್ತಾಗಿ ಬರಲಿ ಎಂದು ಸರಕಾರದವರು ಒಂದು ನಕ್ಷೆ ಮಾಡಿ, ತಕರಾರಿದ್ದರೆ ಬರೆದುಕೊಡಿ ಎಂದರು. ನನಗೆ ಬಹಳ ಹಿಡಿಸಿತು. ನಮ್ಮ ಹಿರಿಯರು ಗೋಡೆಗೆ ಗೋಡೆ ಹಚ್ಚಿ ಮನೆ ಕಟ್ಟಿದ್ದು ಬಡತನಕ್ಕಲ್ಲ, ಅನ್ನ ಬೆಳೆಯುವ ಮಣ್ಣಿನ ಮೇಲಿನ ಮರ್ಯಾದೆಗೆ ಎಂದು ಶಾಲೆಯಲ್ಲಿ ಭಾಷಣವನ್ನೂ ಬಿಗಿದೆ. ಆಮೇಲೆ ನಕ್ಷೆ ನೋಡಿದೆ. ಕೂಲಿಯವರ ಇಪ್ಪತ್ತು-ಮೂವತ್ತು ಅಡಿಯ ಸೈಟುಗಳು ಬಂದಿದ್ದು ನನ್ನ ಕಂಪೌಂಡಿಗೆ ಹತ್ತಿಕೊಂಡೇ. ನಾನು ಇನ್ನೂ ಕೊಳ್ಳದ ಕಾರಿಗೆಂದು ಬಿಟ್ಟ ಜಾಗವೇ ಅವರ ಒಂದು ಮನೆಯಷ್ಟಿತ್ತು.

ಅಂದೇ ತಕರಾರು ಬರೆದೆ. ಗಟಾರ ತುಂಬುತ್ತದೆ, ನೀರು ಸಾಲದು, ಗದ್ದಲವಾಗುತ್ತದೆ. ಅರವತ್ತು ಮಕ್ಕಳಿಂದ ಮಗ್ಗಿ ಕೂಗಿಸುವವನು ಗದ್ದಲಕ್ಕೆ ಹೆದರಿದ್ದ! ಕೆಳಗೆ ‘ನೊಂದ ನಾಗರಿಕರು’ ಎಂದು ಹಾಕಿ ಕಚೇರಿಗೆ ಕೊಟ್ಟು ಬಂದೆ. ಆ ನಾಗರಿಕರೆಲ್ಲ ನಾನೊಬ್ಬನೇ.

ಮರುದಿನ ಕಾಶವ್ವ ಬಂದಳು. ಕಬ್ಬಿನ ಕಳೆ ತೆಗೆಯುವವಳು, ಗೌಡರ ಹೊಲದ ಬದುವಿನ ಒಂದೇ ಕೋಣೆಯಲ್ಲಿ ಏಳು ಜನರ ಸಂಸಾರ. ಮಗಳು ನನ್ನ ಶಾಲೆಯಲ್ಲಿದ್ದಳು.

“ಮಾಸ್ತರ, ನಕಾಶೆದಾಗ ನಮಗೂ ಜಾಗಾ ಬಂದೈತಂತ್ರಿ. ಬೇಕಂತ ಒಂದ ಅರ್ಜಿ ಬರದ ಕೊಡ್ರಿ. ನಿಮ್ಮ ಅಕ್ಷರ ನೋಡಿದ್ರ ಸಾಹೇಬ್ರು ಒಲ್ಲೆ ಅನ್ನೂದಿಲ್ಲ.”

ಬರೆದುಕೊಟ್ಟೆ. ತಪ್ಪಿನ ಅಳುಕಿಗೆ ಇನ್ನೂ ಚೆಂದಾಗಿ ಬರೆದೆ. ತಕರಾರನ್ನು ಮಾತ್ರ ವಾಪಸು ತರಲಿಲ್ಲ.

ವಿಚಾರಣೆಯ ದಿನ ಕಾಶವ್ವ ನನ್ನನ್ನೂ ಜೊತೆಗೆ ಕರೆದೊಯ್ದಳು. ಸಾಹೇಬರ ಮೇಜಿನ ಮೇಲೆ ಎರಡೇ ಹಾಳೆ. ಅವರು ಒಂದನ್ನು ನೋಡಿ, ಇನ್ನೊಂದನ್ನು ನೋಡಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಕಾಶವ್ವನಿಗೆ ಓದು ಬಾರದು, ಆದರೆ ಮಗಳ ಪ್ರಗತಿಪತ್ರದಲ್ಲಿ ನನ್ನ ಅಕ್ಷರ ಕಂಡವಳು. ಬಗ್ಗಿ ನೋಡಿದವಳ ಮುಖ ಅರಳಿತು.

“ಯಪ್ಪಾ, ನನ್ನ ಸಲುವಾಗಿ ಎರಡೆರಡ ಬರದೀರೇನ್ರಿ!”

ಭೂಮಿ ಬಾಯಿ ಬಿಡಬಾರದೇ ಎನಿಸಿತು. “ಸಾಹೇಬ್ರ, ಆ ಮೊದಲನೇದನ್ನ ಹರದ ಒಗೀರಿ” ಎಂದೆ. ಅವರು ಹರಿದು ಬುಟ್ಟಿಗೆ ಹಾಕಿದರು. ಅವರು ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಕಾಶವ್ವನ ಮನೆ ಎದ್ದಿದೆ. ಗಟಾರ ತುಂಬಿಲ್ಲ. ಕಾರೂ ಬಂದಿಲ್ಲ, ಆ ಜಾಗದಲ್ಲಿ ಆಕೆಯ ಮೆಣಸಿನಕಾಯಿ ಒಣಗುತ್ತದೆ. ಬಂದವರಿಗೆಲ್ಲ ಆಕೆ ಹೇಳುವುದು ಒಂದೇ: “ಮಾಸ್ತರ ನಮ್ಮ ಮನಿ ಸಲುವಾಗಿ ಎರಡ ಅರ್ಜಿ ಬರದಾರ.” ಮೂವತ್ತು ವರ್ಷ ಊರ ಮಕ್ಕಳ ತಪ್ಪು ತಿದ್ದಿದವನಿಗೆ ಆ ಒಂದು ಮಾತನ್ನು ತಿದ್ದಲು ಇಂದಿಗೂ ಬಾಯಿ ಬಂದಿಲ್ಲ.