ಮೊಲದ ಮೂರನೆಯ ರೆಪ್ಪೆ

ಕಣ್ಣಿನ ಹರ್ಪಿಸ್ ಸೋಂಕಿಗೆ ಔಷಧ ಹುಡುಕಿದವರು ಹಲವರಿದ್ದಾರೆ. ಆ ಔಷಧವು ಕಣ್ಣೀರಿನೊಡನೆ ಹರಿದುಹೋಗದೆ ಕಣ್ಣಿನಲ್ಲೇ ನಿಲ್ಲುವುದು ಹೇಗೆಂದು ಮೂವತ್ತೊಂದು ವರ್ಷ ತಲೆ ಕೆಡಿಸಿಕೊಂಡವರು ನಮ್ಮ ಮೇಡಂ. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ಶಿಷ್ಯೆಯಾದ ನನಗೆ ಒದಗಿದೆ. ಹೊಗಳಿಕೆ ಕೇಳಿದರೆ ಅವರು ಎದ್ದು ಹೋಗುತ್ತಾರೆ. ಆದ್ದರಿಂದ ನನ್ನದೇ ಒಂದು ತಪ್ಪನ್ನು ಬರೆಯುತ್ತೇನೆ.

ನಾನು ಪ್ರಯೋಗಾಲಯ ಸೇರಿದ ಮೊದಲ ದಿನ ಮಧ್ಯಾಹ್ನದವರೆಗೂ ಮೊಲದ ಕಣ್ಣಿನ ಪಾಠ ನಡೆಯಿತು. ನನ್ನ ಗಮನವೆಲ್ಲ ಅದರ ಕಿವಿಗಳ ಮೇಲಿತ್ತು. ಆಗ ಸೋಂಕು ತಗುಲಿದ ಕಣ್ಣಿಗೆ ಎರಡೆರಡು ಗಂಟೆಗೊಮ್ಮೆ ಹನಿ ಹಾಕಬೇಕಿತ್ತು. ಅದರ ಬದಲು ಕೆಳರೆಪ್ಪೆಯೊಳಗೆ ದಿನಕ್ಕೊಂದೇ ತೆಳುವಾದ ಔಷಧದ ಬಿಲ್ಲೆ ಇಟ್ಟರೆ ಸಾಕೇ ಎಂಬುದು ನನ್ನ ಪ್ರಬಂಧದ ಪ್ರಶ್ನೆ. ಹನ್ನೆರಡು ಮೊಲಗಳು, ವಿದ್ಯಾರ್ಥಿವೇತನ ಮುಗಿಯಲು ಎರಡೇ ತಿಂಗಳು.

ಐದೇ ದಿನದಲ್ಲಿ ಕಣ್ಣಿನ ಹುಣ್ಣುಗಳು ಮಾಯವಾದವು. ವಿಭಾಗದವರೆಲ್ಲ ಬಂದು ಬೆನ್ನು ತಟ್ಟಿದರು, ನಾನೂ ನೆಲದ ಮೇಲೆ ನಡೆಯಲಿಲ್ಲ. ಮೇಡಂ ಮಾತ್ರ ನನ್ನ ದಿನಚರಿ ಪುಸ್ತಕವನ್ನು ತಿರುವುತ್ತಾ ಕೂತರು. 'ಬಿಲ್ಲೆ ಕಾಣದ್ದರಿಂದ ಅದೇ ದಿನ ಹೊಸದು ಇಡಲಾಯಿತು' ಎಂದು ಏಳು ಮೊಲಗಳ ಮುಂದೆ ಬರೆದಿದ್ದೆ.

"ಹಳೇದು ಎಲ್ಲಿ ಹೋಯ್ತಮ್ಮಾ?"

"ಬಿದ್ದುಹೋಗಿರ್ಬೇಕು ಮೇಡಂ."

"ಬಿದ್ದಿದ್ರೆ ಗೂಡಲ್ಲಿ ಸಿಗ್ಬೇಕಲ್ವಾ? ಬಾ, ನೋಡೋಣ."

ಇಬ್ಬರೂ ಮಂಡಿಯೂರಿ ಗೂಡಿನ ಹುಲ್ಲನ್ನೆಲ್ಲ ಜಾಲಾಡಿದೆವು. ಏನೂ ಸಿಗಲಿಲ್ಲ. ಆಮೇಲೆ ಅವರು ಒಂದು ಮೊಲವನ್ನು ಟವೆಲಿನಲ್ಲಿ ಸುತ್ತಿ ಮಡಿಲಿಗೆ ತೆಗೆದುಕೊಂಡು, ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಮೂಗಿನ ಕಡೆಯ ಮೂಲೆಯಲ್ಲಿ ಮೊಲಗಳಿಗಿರುವ ಮೂರನೆಯ ರೆಪ್ಪೆಯನ್ನು ಮೆಲ್ಲಗೆ ಎತ್ತಿದರು. ಅದರಡಿಯಲ್ಲಿ ಎರಡು ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು ಕುಳಿತಿದ್ದವು! ನನ್ನ ಪವಾಡವೆಲ್ಲ ಎರಡರಷ್ಟು ಔಷಧದ್ದು.

"ಎಷ್ಟು ಚೆನ್ನಾಗಿ ಬಚ್ಚಿಟ್ಕೊಂಡಿದೆ ನೋಡೇ! ಆದ್ರೆ ಮನುಷ್ಯರಿಗೆ ಈ ರೆಪ್ಪೆ ಇಲ್ವಲ್ಲ. ನಮ್ಮ ಕಣ್ಣಲ್ಲಿ ನಿಲ್ಲುತ್ತಾ ಇದು?" ಅವರ ಮುಖದಲ್ಲಿ ಹಬ್ಬ, ನನ್ನ ಮುಖದಲ್ಲಿ ರಕ್ತವಿಲ್ಲ. ಮುಂದಿನ ಹದಿನೈದು ವರ್ಷ ಅವರನ್ನು ದುಡಿಸಿದ್ದು ಆ ಪ್ರಶ್ನೆಯೇ.

ಪ್ರಯೋಗವನ್ನು ಮೊದಲಿನಿಂದ ಮಾಡಬೇಕಾಯಿತು. ಅದಕ್ಕೆ ಇನ್ನೊಂದು ವರ್ಷ ಬೇಕಿತ್ತು. ಕೈತೊಳೆಯುವ ತೊಟ್ಟಿಯ ಬಳಿ ನಿಂತು ಅತ್ತೆ. ಮೇಡಂ ವಿದ್ಯಾರ್ಥಿವೇತನದ ಸಮಿತಿಗೆ ಪತ್ರ ಬರೆದರು: 'ಮೂರನೆಯ ರೆಪ್ಪೆಯನ್ನು ಎತ್ತಿ ನೋಡಬೇಕೆಂದು ವಿದ್ಯಾರ್ಥಿನಿಗೆ ನಾನು ಕಲಿಸಿರಲಿಲ್ಲ. ತಪ್ಪು ನನ್ನದು.' ಆ ವರ್ಷ ಸಿಕ್ಕಿತು. ಒಂದೇ ಬಿಲ್ಲೆಯಿಂದ ಹುಣ್ಣು ಮಾಯಲು ಒಂಬತ್ತು ದಿನ ಹಿಡಿಯಿತು. ಯಾರೂ ಬೆನ್ನು ತಟ್ಟಲಿಲ್ಲ, ಆದರೆ ಲೆಕ್ಕ ನಿಜವಾಗಿತ್ತು, ಪದವಿಯೂ ಬಂತು.

ಅವರ ಅಷ್ಟೂ ಪ್ರಬಂಧಗಳಲ್ಲಿ ಒಂದು ಅಂಕಿಯೂ ಸುಳ್ಳಿಲ್ಲ. ಸುಳ್ಳಿದ್ದದ್ದು ಆ ಪತ್ರದಲ್ಲಿ ಮಾತ್ರ. ಇಪ್ಪತ್ತೆರಡು ವರ್ಷ ಅದನ್ನು ತಿದ್ದುವ ಧೈರ್ಯ ನನಗೆ ಬರಲಿಲ್ಲ. ಅವರು ನೂರು ವರ್ಷ ಗಟ್ಟಿಮುಟ್ಟಾಗಿರಲಿ, ಬೇಕೆನಿಸಿದಾಗಲೆಲ್ಲ ನಮ್ಮ ಗೂಡುಗಳ ಮುಂದೆ ಬಂದು ಮಂಡಿಯೂರಲಿ ಎಂದು ಹಾರೈಸುತ್ತಾ ಇಂದು ತಿದ್ದುತ್ತಿದ್ದೇನೆ.

ಮೇಡಂ, ನೀವು ಕಲಿಸಿದ್ದಿರಿ. ಮೊದಲ ದಿನವೇ, ನನ್ನ ಬೆರಳು ಹಿಡಿದು.