ಹದಿನಾರು ಎಣಿಸುವ ಮೊದಲೇ

ಆಗೆಲ್ಲ ದೋಹಾದ ಅಲ್ ಮುಂತಜಾದಲ್ಲಿದ್ದ ನಮ್ಮ ಹಳೆ ಕಟ್ಟಡದಲ್ಲಿ ಶುಕ್ರವಾರ ಮೀನು ಹುರಿದರೆ ಯಾರೂ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ. ಮೂರು ಮಹಡಿಗೂ ಅದೇ ವಾಸನೆ. ಮೆಟ್ಟಿಲ ಮೇಲೆ ಕೂತು ಕಲ್ಲಾಟ ಆಡುತ್ತಿದ್ದ ನಾವು, ಯಾರ ಮನೆಯಲ್ಲಿ ಬಂಗುಡೆ, ಯಾರ ಮನೆಯಲ್ಲಿ ಬೂತಾಯಿ ಎಂದು ವಾಸನೆ ಹಿಡಿದೇ ಪಂದ್ಯ ಕಟ್ಟುತ್ತಿದ್ದೆವು. ನನಗಾಗ ಹತ್ತು ವರ್ಷ.

ಆ ಚಳಿಗಾಲದಲ್ಲಿ ಕೆಳಗಿನ ಮನೆಗೆ ನಾರ್ವೆಯ ಹೆಂಗಸೊಬ್ಬರು ಬಂದರು. ಗಂಡ ರಾಸ್ ಲಫಾನ್‌ನ ಗ್ಯಾಸ್ ಸ್ಥಾವರದಲ್ಲಿ ಇಂಜಿನಿಯರ್. ಆಕೆಯ ಹೆಸರು ಹಿಲ್ದೆ, ಅಮ್ಮ ಒಂದೇ ದಿನದಲ್ಲಿ ಅವರನ್ನು ಹಿಲ್ಡಾಬಾಯಿ ಮಾಡಿಬಿಟ್ಟಳು. ಅವರ ಕೆಲಸ ಸಂಗೀತ ಬರೆಯುವುದು.

"ಹಾಡುವುದಿಲ್ಲ, ಬರೀ ಕೂತು ಬರೆಯುವುದಾ? ಎಂತ ಕೆಲಸ ಮಾರಾಯ್ರೆ ಅದು!" ಎಂದು ಅಮ್ಮ ಅಪ್ಪನನ್ನು ಕೇಳಿದ್ದಳು.

ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಾವು ಎಂಟು ಹುಡುಗಿಯರು ಟೆರೇಸಿನ ಮೇಲೆ ಹಾಡು ಕಲಿಯುತ್ತಿದ್ದೆವು. ಹಿಲ್ಡಾಬಾಯಿ ಒಂದು ದಿನ ಹತ್ತಿ ಬಂದು, ನಿಮಗೊಂದು ಹೊಸ ಹಾಡು ಬರೆದುಕೊಡಲೇ ಎಂದರು. ಪದಗಳು ಬೇಕಿದ್ದವು. ಕನ್ನಡದಲ್ಲಿ ನಮಗೆ ತಪ್ಪಿಲ್ಲದೆ ಬರುತ್ತಿದ್ದದ್ದು ಮೀನಿನ ಹೆಸರುಗಳು ಮಾತ್ರ. ಅವರು ಖುಷಿಯಾದರು. ತಮ್ಮದೂ ಮೀನು ಹಿಡಿಯುವ ಊರು, ಅಪ್ಪನ ಅಂಗಿಗೆಲ್ಲ ಇದೇ ವಾಸನೆ ಇರುತ್ತಿತ್ತು ಎಂದರು. ಆಮೇಲೆ ಕೇಳಿದರು, ನಿಮ್ಮ ಕಡೆ ಮೀನು ಮಾರುವವರು ಹೇಗೆ ಕೂಗುತ್ತಾರೆ?

ದೋಹಾದಲ್ಲೇ ಹುಟ್ಟಿದ ನಮಗೇನು ಗೊತ್ತು! ಅಮ್ಮನನ್ನು ಎಳೆದುಕೊಂಡು ಬಂದೆ. ಅಮ್ಮ ನಾಚಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಮಲ್ಪೆಯಲ್ಲಿ ಕೇಳಿದ್ದ ಹಾಗೆ ಒಮ್ಮೆ "ಬೂತಾಯೀ..." ಎಂದು ಕೂಗಿದಳು. ಅಮ್ಮನ ಹೊಟ್ಟೆಯೊಳಗೆ ಅಂಥ ದನಿ ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಹಾಡು ತಯಾರಾಯಿತು. ಎಂಟೂ ದನಿಗಳು ಅಂಜಲ್, ಬಂಗುಡೆ, ನಂಗ್ ಎನ್ನುತ್ತ ಏರಿ ಏರಿ, ಗದ್ದಲದ ತುದಿಯಲ್ಲಿ ಥಟ್ಟನೆ ನಿಲ್ಲಬೇಕು. ಆಗ ಬಲೆ ನೀರಿಗಿಳಿದಿದೆ ಎಂದರ್ಥ. ಹದಿನಾರು ಎಣಿಸುವವರೆಗೆ ಯಾರೂ ಉಸಿರೆತ್ತಬಾರದು. ಆಮೇಲೆ ಒಬ್ಬಳೇ ಒಬ್ಬಳು ಅಮ್ಮನ ಆ ಕೂಗನ್ನು ಕೂಗಬೇಕು. ಅಲ್ಲಿಗೆ ಹಾಡು ಮುಗಿಯಿತು. ಆ ಒಬ್ಬಳು ನಾನು. ಒಂದೇ ಒಂದು ಪದಕ್ಕೆ ಎರಡು ತಿಂಗಳು ಅಭ್ಯಾಸ ಮಾಡಿದೆ. ಬಚ್ಚಲಲ್ಲಿ ಕೂಗಿದೆ, ಸ್ಕೂಲ್ ಬಸ್ಸಿನಲ್ಲಿ ಕೂಗಿ ಬೈಸಿಕೊಂಡೆ.

"ಮೌನವನ್ನೂ ನಾನೇ ಬರೆದದ್ದು, ಅದನ್ನು ಹಾರಿಸಬೇಡಿ" ಎಂದು ಹಿಲ್ಡಾಬಾಯಿ ದಿನವೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅವರು ಬರೆದದ್ದರಲ್ಲಿ ಹೆಚ್ಚಿನವನ್ನು ಜನ ಒಂದೇ ಸಲ ಕೇಳಿ, ಎದ್ದು ಹೋಗಿದ್ದರಂತೆ.

ವಾರ್ಷಿಕೋತ್ಸವದ ನಿರೂಪಕರು ನಮ್ಮ ಭಾಸ್ಕರ ಅಂಕಲ್. ಒಳ್ಳೆಯ ಮನುಷ್ಯ, ಆದರೆ ವೇದಿಕೆ ಎರಡು ಸೆಕೆಂಡು ಸುಮ್ಮನಾದರೆ ಅವರ ಜೀವ ಬಾಯಿಗೆ ಬರುತ್ತಿತ್ತು. ಆ ಸಂಜೆ ನಾವು ಥಟ್ಟನೆ ನಿಂತೆವು. ಹಿಲ್ಡಾಬಾಯಿಯ ಕೈ ಗಾಳಿಯಲ್ಲಿತ್ತು. ನಾನು ಏಳು, ಎಂಟು, ಒಂಬತ್ತು ಎಂದು ಎಣಿಸುತ್ತಿದ್ದೆ. ಅಷ್ಟರಲ್ಲಿ ಮೈಕು ಗುಡುಗಿತು.

"ಸೂಪರ್! ಮಕ್ಕಳಿಗೆ ಒಂದು ಜೋರು ಚಪ್ಪಾಳೆ! ಊಟದ ಕೂಪನ್ ತಕೊಳ್ಳದವರು ಬೇಗ ತಕೊಳ್ಳಿ!"

ಪರದೆ ಬಿತ್ತು. ಹಿಲ್ಡಾಬಾಯಿ ಕೈ ಇಳಿಸದೆ ನಿಂತೇ ಇದ್ದರು. ಹಾಡು ಮುಗಿದಿಲ್ಲ ಎಂದು ಅಂಕಲ್‌ಗೆ ಮೂರು ಸಲ ಹೇಳಿದರು.

"ಖಲಾಸ್ ಮೇಡಂ, ವೆರಿ ನೈಸ್! ನೆಕ್ಸ್ಟ್ ಫ್ಯಾಶನ್ ಶೋ ಉಂಟು. ಯಲ್ಲಾ, ಯಲ್ಲಾ, ಬೇಗ ಇಳಿಯಿರಿ ಮಕ್ಕಳೇ."

ಪರದೆಯ ಹಿಂದೆ ನಾನು ಗೋಳೋ ಎಂದು ಅತ್ತೆ. ಅಮ್ಮ ಬಂದು, "ಇರಲಿ ಮಗಾ, ಬರುವ ವರ್ಷ ಹಾಡುವ" ಎಂದಳು. ಬರುವ ವರ್ಷಕ್ಕೆ ಹಿಲ್ಡಾಬಾಯಿಯ ಗಂಡನ ಕಾಂಟ್ರಾಕ್ಟ್ ಮುಗಿದು, ಅವರು ಹೊರಟುಹೋಗಿದ್ದರು.

ಈಗ ನಾವು ಅಲ್ ಥುಮಾಮಾದ ಹೊಸ ಫ್ಲಾಟಿನಲ್ಲಿದ್ದೇವೆ. ಇಲ್ಲಿ ಮೀನು ಹುರಿಯುವ ಮೊದಲು ಕಿಟಕಿ ಮುಚ್ಚುತ್ತೇವೆ. ಆ ಎಂಟು ಜನರಲ್ಲಿ ದೋಹಾದಲ್ಲಿ ಉಳಿದವಳು ನಾನೊಬ್ಬಳೇ. ಮೊನ್ನೆ ಭಾಸ್ಕರ ಅಂಕಲ್ ಊಟಕ್ಕೆ ಬಂದಿದ್ದರು.

"ನಿನ್ನ ಆ ಬೂತಾಯಿ ಕೂಗು ಇನ್ನೂ ನನ್ನ ಕಿವಿಯಲ್ಲಿ ಉಂಟು ಮಾರಾಯ್ತಿ" ಎಂದರು.

"ನಾನು ಕೂಗಲೇ ಇಲ್ಲ ಅಂಕಲ್. ನೀವು ಬಿಡಲಿಲ್ಲ."

"ಎಂತ ಹೇಳ್ತಿ? ನಾನೇ ಚಪ್ಪಾಳೆ ಹೊಡೆಸಿದ್ದಲ್ವಾ!"

ಅಮ್ಮನ ಕಡೆ ನೋಡಿದೆ. "ಕೂಗಿದ್ದಿ ಮಗಾ. ನಾನು ಕೇಳಿದ್ದೇನೆ" ಎಂದಳು ಅಮ್ಮ, ಅಂಕಲ್ ತಟ್ಟೆಗೆ ಇನ್ನೊಂದು ಮೀನು ಬಡಿಸುತ್ತ. ನನಗೆ ಮೈಯೆಲ್ಲ ಉರಿಯಿತು.

ಅವರು ಹೋದ ಮೇಲೆ ಹಿಲ್ಡಾಬಾಯಿಯ ಹೆಸರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಬರೆದ ಕೃತಿಗಳ ಪಟ್ಟಿಯನ್ನು ಅವರೇ ಮಾಡಿಟ್ಟಿದ್ದರು. ಅದರಲ್ಲಿ ನಮ್ಮದೂ ಇತ್ತು: ಎಂಟು ಹುಡುಗಿಯರಿಗೆ, ದೋಹಾ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ, ಇದುವರೆಗೆ ಯಾರೂ ಪೂರ್ತಿ ಹಾಡಿಲ್ಲ ಎಂದಿತ್ತು.

ನಾನು ಹಾಡಿದ್ದೇನೆಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಹಾಡಿಲ್ಲವೆಂದು ನನ್ನ ಹಾಗೆ ಬಲ್ಲವರು ಒಬ್ಬರಿದ್ದರು. ಅವರೂ ಹೋದರು.